ಪೆನ್ಸಿಲ್ ದಪ್ಪದ ಅಂತರ: ಎಚ್‌ಡಿ ಚಾನೆಲ್‌ಗಳಿಗೆ ಡಿಶ್ ಕೂರಿಸುವ ಲೆಕ್ಕ

ತುಮಕೂರಿನ ಹಳೆಯ ಮನೆಗಳ ತಾರಸಿಯ ಮೇಲೆ ಈಗಲೂ ಅಲ್ಲೊಂದು ಇಲ್ಲೊಂದು ಮೀನಿನ ಮುಳ್ಳಿನಂಥ ಆಂಟೆನಾ ಉಳಿದುಕೊಂಡಿದೆ. ಅದರ ಮೂತಿ ಬೆಂಗಳೂರಿನ ಕಡೆಗೆ. ಪಕ್ಕದಲ್ಲೇ ಡಿಡಿ ಫ್ರೀ ಡಿಶ್‌ನ ತಟ್ಟೆಯಿದ್ದರೆ ಅದೂ ಬೆಂಗಳೂರಿನ ಕಡೆಗೇ ಮುಖ ಮಾಡಿರುತ್ತದೆ. ಇದನ್ನು ಕಂಡು ಡಿಶ್ ಕೂಡ ಬೆಂಗಳೂರಿನಿಂದಲೇ ಚಿತ್ರ ಹಿಡಿಯುತ್ತದೆ ಎಂದು ನಂಬಿದ ಎಷ್ಟೋ ಮಂದಿಯನ್ನು ನಾನು ನೋಡಿದ್ದೇನೆ. ದಿಕ್ಕು ಕೂಡಿಬಂದಿರುವುದು ಕಾಕತಾಳೀಯ. ಉತ್ತರದಿಂದ ಬಲಕ್ಕೆ ಅಳೆಯುತ್ತ ಹೋದರೆ ತುಮಕೂರಿಗೆ ಬೆಂಗಳೂರು ಸುಮಾರು 128 ಡಿಗ್ರಿಯಲ್ಲಿ ಬರುತ್ತದೆ. ಫ್ರೀ ಡಿಶ್ ಚಾನೆಲ್‌ಗಳನ್ನು ಕಳುಹಿಸುವ ಜಿಸ್ಯಾಟ್-15 ಉಪಗ್ರಹವೂ ಅದೇ 128ರಲ್ಲಿದೆ. ಒಂದು ಎಪ್ಪತ್ತು ಕಿಲೋಮೀಟರ್ ದೂರದ ನೆಲದ ಮೇಲೆ, ಇನ್ನೊಂದು ಅದೇ ದಿಕ್ಕಿನಲ್ಲಿ ತಲೆಯನ್ನು 65 ಡಿಗ್ರಿ ಮೇಲಕ್ಕೆತ್ತಿದರೆ ಸಿಗುವ ಆಕಾಶದಲ್ಲಿ, ಸುಮಾರು 36 ಸಾವಿರ ಕಿಲೋಮೀಟರ್ ಆಚೆ.

ತುಮಕೂರು, ಗುಬ್ಬಿ, ಕೊರಟಗೆರೆ ಕಡೆಯ ತಾರಸಿಗಳನ್ನು ಹತ್ತಿ ಡಿಶ್ ಕೂರಿಸುವುದು ನನ್ನ ಕಸುಬು. ಕೆಲವು ಕಾಲ ಕೋಲಾರ, ಚಿಕ್ಕಬಳ್ಳಾಪುರದಲ್ಲೂ ಇದೇ ಕೆಲಸ ಮಾಡಿದ್ದೇನೆ. ಹೋದಲ್ಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: "ಅಣ್ಣ, ಬೇರೆ ಚಾನೆಲ್ ಎಲ್ಲ ಚೆನ್ನಾಗಿ ಬರುತ್ತವೆ, ಎಚ್‌ಡಿ ಮಾತ್ರ ನಿಂತು ನಿಂತು ಹೋಗುತ್ತದೆ. ಎಚ್‌ಡಿ ಡಿಶ್ ಬೇರೆ ಹಾಕಿಸಬೇಕೆ?"

ಎಚ್‌ಡಿ ಡಿಶ್ ಎಂಬ ಬೇರೆ ವಸ್ತು ಇಲ್ಲ. ಎಸ್‌ಡಿ, ಅಂದರೆ ಸಾಮಾನ್ಯ ಚಿತ್ರದ ಚಾನೆಲ್ ಹಿಡಿಯುವ ಎರಡು ಅಡಿಯ ತಟ್ಟೆಯೇ ಎಚ್‌ಡಿಯನ್ನೂ ಹಿಡಿಯುತ್ತದೆ. ಬೇರೆ ಬೇಕಾದದ್ದು ಎಚ್‌ಡಿ ಬಾಕ್ಸ್ ಮತ್ತು ಟಿವಿಗೆ ಹೋಗುವ ಎಚ್‌ಡಿಎಂಐ ತಂತಿ. ಹಳದಿ, ಕೆಂಪು, ಬಿಳಿ ಪಿನ್‌ಗಳ ಹಳೆಯ ತಂತಿಯಲ್ಲೇ ಟಿವಿ ಜೋಡಿಸಿ, ವರ್ಷಗಟ್ಟಲೆ ಎಚ್‌ಡಿ ಪ್ಯಾಕಿನ ಹಣ ಕಟ್ಟಿದ ಮನೆಗಳನ್ನು ನೋಡಿ ನನಗೆ ಸಂಕಟವಾಗಿದೆ. ಆ ತಂತಿಯಲ್ಲಿ ಎಚ್‌ಡಿ ಚಿತ್ರ ಹಾಯುವುದೇ ಇಲ್ಲ. ಅದನ್ನು ಮೊದಲು ನೋಡಿಕೊಳ್ಳಿ. ತಂತಿ ಸರಿಯಿದ್ದೂ ಎಚ್‌ಡಿ ಒಡೆಯುತ್ತಿದ್ದರೆ, ನನ್ನ ಅನುಭವದಲ್ಲಿ ಹತ್ತರಲ್ಲಿ ಏಳೆಂಟು ಸಲ ತಪ್ಪು ಇರುವುದು ಡಿಶ್ ನಿಂತ ಕೋನದಲ್ಲಿ. ಅದೂ ದೊಡ್ಡ ತಪ್ಪಲ್ಲ, ಒಂದು ಪೆನ್ಸಿಲ್ಲಿನ ದಪ್ಪದಷ್ಟು.

ಅಷ್ಟು ಸಣ್ಣ ತಪ್ಪಿಗೆ ಎಸ್‌ಡಿ ಏಕೆ ಕೆಡುವುದಿಲ್ಲ, ಎಚ್‌ಡಿ ಮಾತ್ರ ಏಕೆ ಕೆಡುತ್ತದೆ? ಎಸ್‌ಡಿ ಚಿತ್ರದ ಒಂದು ಚೌಕಟ್ಟಿನಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆಗಳು. ಎಚ್‌ಡಿಯಲ್ಲಿ 1920 ಮತ್ತು 1080. ಗುಣಿಸಿ ನೋಡಿದರೆ ಸರಿಯಾಗಿ ಐದು ಪಟ್ಟು. ಉಪಗ್ರಹದಲ್ಲಿ ಜಾಗ ಸೀಮಿತ, ಹೊರಬೇಕಾದ ಹೊರೆ ಐದು ಪಟ್ಟು. ಹಾಗಾಗಿ ಚಿತ್ರವನ್ನು ಇನ್ನಷ್ಟು ಬಿಗಿಯಾಗಿ ಮಡಚುವ ಎಂಪೆಗ್-4 ವಿಧಾನವನ್ನೂ, ಅದೇ ಅಲೆಯಲ್ಲಿ ಹೆಚ್ಚು ಮಾಹಿತಿ ತುಂಬುವ ಡಿವಿಬಿ-ಎಸ್2 ಎಂಬ ಪದ್ಧತಿಯನ್ನೂ ಬಳಸುತ್ತಾರೆ. ಈ ಎರಡನೆಯ ಪದ್ಧತಿ 2005ರಲ್ಲಿ ಮಾನಕವಾಯಿತು. ಡಿಶ್‌ನ ಕೋನಕ್ಕೆ ಸಂಬಂಧಪಟ್ಟದ್ದು ಇದೇ.

ಒಂದು ಚಿತ್ರ ಕಲ್ಪಿಸಿಕೊಳ್ಳಿ. ರಾತ್ರಿ ದೇವರಾಯನದುರ್ಗದ ಬೆಟ್ಟದ ಮೇಲೆ ಒಬ್ಬ ಉದ್ದನೆಯ ಕೋಲಿನ ತುದಿಗೆ ದೀಪ ಕಟ್ಟಿಕೊಂಡು ನಿಂತಿದ್ದಾನೆ. ಕೋಲನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಚಾಚಿ ಕೆಳಗಿನ ಊರಿಗೆ ಸಂದೇಶ ಕೊಡುತ್ತಾನೆ. ನಾಲ್ಕೇ ದಿಕ್ಕು. ಸ್ವಲ್ಪ ಮಂಜು ಕವಿದರೂ ದೀಪ ಯಾವ ಕಡೆಗಿದೆ ಎಂದು ಊಹಿಸಬಹುದು. ಈಗ ಅದೇ ಮನುಷ್ಯ ಹೆಚ್ಚು ಸುದ್ದಿ ಕಳುಹಿಸಬೇಕೆಂದು ಎಂಟೂ ದಿಕ್ಕುಗಳನ್ನು ಬಳಸತೊಡಗಿದ ಎನ್ನಿ. ಪ್ರತಿ ಸಲ ಕೋಲು ಚಾಚಿದಾಗ ಹೇಳುವ ಮಾತು ಒಂದೂವರೆ ಪಟ್ಟಾಯಿತು. ಆದರೆ ಪೂರ್ವ ಯಾವುದು, ಆಗ್ನೇಯ ಯಾವುದು ಎಂದು ಬೇರ್ಪಡಿಸಲು ಗಾಳಿ ತಿಳಿಯಾಗಿರಬೇಕು. ಅದೇ ಮಂಜಿನಲ್ಲಿ ನಾಲ್ಕು ದಿಕ್ಕಿನ ಸಂದೇಶ ಓದಿದವರು ಎಂಟು ದಿಕ್ಕಿನದಕ್ಕೆ ತಡಕಾಡುತ್ತಾರೆ.

ರೇಡಿಯೋ ಅಲೆಗೂ ಹೀಗೆಯೇ ದಿಕ್ಕು ಬದಲಿಸುವ ಗುಣವಿದೆ, ಅದನ್ನು ಫೇಸ್ ಎನ್ನುತ್ತಾರೆ. ಹಳೆಯ ಎಸ್‌ಡಿ ಪದ್ಧತಿಯಲ್ಲಿ ನಾಲ್ಕು ಫೇಸ್‌ಗಳು, ಎಚ್‌ಡಿ ಹೊರುವ ಅಲೆಗಳಲ್ಲಿ ಬಹುತೇಕ ಎಂಟು. ನಾಲ್ಕರಿಂದ ಎಂಟಕ್ಕೆ ಹೋದಾಗ, ಉಳಿದೆಲ್ಲ ಒಂದೇ ಇದ್ದರೂ, ಬಾಕ್ಸಿಗೆ ಸುಮಾರು 4 ಡೆಸಿಬೆಲ್ ಹೆಚ್ಚು ಸ್ವಚ್ಛವಾದ ಸಿಗ್ನಲ್ ಬೇಕಾಗುತ್ತದೆ. ಡೆಸಿಬೆಲ್ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ಹತ್ತಿರ ಹತ್ತಿರ ಎರಡೂವರೆ ಪಟ್ಟು ಎಂದು ತಿಳಿಯಿರಿ. ಇದೇ ಕಾರಣಕ್ಕೆ ಒಂದೇ ತಟ್ಟೆ, ಒಂದೇ ತಂತಿ, ಒಂದೇ ಬಾಕ್ಸಿನಲ್ಲಿ ಧಾರಾವಾಹಿಯ ಎಸ್‌ಡಿ ಚಾನೆಲ್ ನಿರಾತಂಕವಾಗಿ ಓಡುತ್ತಿರುವಾಗ ಕ್ರಿಕೆಟ್ಟಿನ ಎಚ್‌ಡಿ ಚಾನೆಲ್ ಚೌಕ ಚೌಕವಾಗಿ ಒಡೆಯುತ್ತದೆ. ಕೆಲವು ಕಂಪನಿಗಳು ಈಗ ಎಸ್‌ಡಿಯನ್ನೂ ಹೊಸ ಪದ್ಧತಿಯಲ್ಲೇ ಕಳುಹಿಸುತ್ತವೆ, ಅಂಥ ಮನೆಗಳಲ್ಲಿ ಎರಡೂ ಒಟ್ಟಿಗೆ ಹೋಗಬಹುದು. ಫ್ರೀ ಡಿಶ್‌ನಲ್ಲಿ ಹಳೆಯದು, ಹೊಸದು ಎರಡೂ ಇರುವುದರಿಂದ ಈ ವ್ಯತ್ಯಾಸ ಕಣ್ಣಿಗೆ ಹೊಡೆದಂತೆ ಕಾಣುತ್ತದೆ.

ಇನ್ನು ಉಪಗ್ರಹ ಎಲ್ಲಿದೆ ಎಂಬ ಮಾತು. ಟಿವಿ ಕಳುಹಿಸುವ ಉಪಗ್ರಹಗಳೆಲ್ಲ ಭೂಮಧ್ಯರೇಖೆಯ ನೇರ ಮೇಲೆ, 35,786 ಕಿಲೋಮೀಟರ್ ಎತ್ತರದಲ್ಲಿ, ಭೂಮಿ ತನ್ನ ಸುತ್ತ ತಿರುಗುವ ವೇಗಕ್ಕೆ ಸರಿಯಾಗಿ ಸುತ್ತುತ್ತವೆ. ಹಾಗಾಗಿ ನಮ್ಮ ತಾರಸಿಯಿಂದ ನೋಡಿದರೆ ಅವು ಮೊಳೆ ಹೊಡೆದಂತೆ ಒಂದೇ ಕಡೆ ನಿಂತಿರುತ್ತವೆ. ನಿಲ್ಲುವುದು ತಾನಾಗಿ ಅಲ್ಲ. ಸೂರ್ಯ ಚಂದ್ರರ ಸೆಳೆತಕ್ಕೆ ಅವು ಮೆಲ್ಲಗೆ ಜಾಗ ಬಿಡುತ್ತಿರುತ್ತವೆ, ನೆಲದಿಂದ ಆದೇಶ ಕೊಟ್ಟು ಮತ್ತೆ ಮತ್ತೆ ಸರಿಪಡಿಸಬೇಕು. ಇಸ್ರೋದ ಇಂಥ ಉಪಗ್ರಹಗಳನ್ನು ಕಾಯುವ ಮುಖ್ಯ ನಿಯಂತ್ರಣ ಕೇಂದ್ರ ನಮ್ಮ ಹಾಸನದಲ್ಲೇ 1982ರಿಂದ ಇದೆ. ತುಮಕೂರಿನಲ್ಲಿ ಒಮ್ಮೆ ಸರಿಯಾಗಿ ಕೂರಿಸಿದ ಡಿಶ್ ಹತ್ತು ವರ್ಷ ಮುಟ್ಟದೆಯೂ ನಡೆಯುವುದರ ಹಿಂದೆ ಹಾಸನದಲ್ಲಿ ಹಗಲಿರುಳು ಕೂತವರ ದುಡಿಮೆಯಿದೆ. ಇದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ಪ್ರತಿ ಕಂಪನಿಯ ಉಪಗ್ರಹಕ್ಕೂ ಒಂದು ರೇಖಾಂಶ. ಟಾಟಾ ಪ್ಲೇ 83 ಡಿಗ್ರಿ ಪೂರ್ವ, ಡಿಟುಎಚ್ 88, ಫ್ರೀ ಡಿಶ್ 93.5, ಡಿಶ್ ಟಿವಿ 95, ಏರ್‌ಟೆಲ್ 108.2. ತುಮಕೂರು ಇರುವುದು 77 ಡಿಗ್ರಿಯಲ್ಲಿ, ಕೋಲಾರ 78ರಲ್ಲಿ. ಎಲ್ಲ ಉಪಗ್ರಹಗಳೂ ನಮಗೆ ಪೂರ್ವಕ್ಕಿವೆ, ಭೂಮಧ್ಯರೇಖೆ ನಮಗೆ ದಕ್ಷಿಣಕ್ಕಿದೆ. ಎರಡೂ ಸೇರಿ ಆಗ್ನೇಯ. ರೇಖಾಂಶದ ಅಂಕಿ ಹೆಚ್ಚಿದಷ್ಟೂ ತಟ್ಟೆ ದಕ್ಷಿಣ ಬಿಟ್ಟು ಪೂರ್ವಕ್ಕೆ ತಿರುಗುತ್ತದೆ, ತಲೆಯನ್ನೂ ತಗ್ಗಿಸುತ್ತದೆ. ತುಮಕೂರಿನ ಲೆಕ್ಕ ಹೀಗೆ ಬರುತ್ತದೆ: ಟಾಟಾ ಪ್ಲೇಗೆ ದಿಕ್ಕು 156, ಎತ್ತರದ ಕೋನ 73. ಡಿಟುಎಚ್‌ಗೆ 140 ಮತ್ತು 70. ಫ್ರೀ ಡಿಶ್‌ಗೆ 128 ಮತ್ತು 65. ಏರ್‌ಟೆಲ್‌ಗೆ 111 ಮತ್ತು 51. ಚಿಕ್ಕಬಳ್ಳಾಪುರದಲ್ಲೂ ಕೋಲಾರದಲ್ಲೂ ಮೂರು ನಾಲ್ಕು ಡಿಗ್ರಿಗಿಂತ ಹೆಚ್ಚು ಬದಲಾಗುವುದಿಲ್ಲ.

ಅಂಕಿ ನೆನಪಿಡುವುದು ಕಷ್ಟವಾದರೆ ಊರುಗಳನ್ನು ನೆನಪಿಡಿ. ಚಿಕ್ಕಬಳ್ಳಾಪುರದವರು ಫ್ರೀ ಡಿಶ್ ತಟ್ಟೆಯನ್ನು ಕೋಲಾರ ಪಟ್ಟಣ ಇರುವ ಕಡೆಗೆ ತಿರುಗಿಸಿ ಹುಡುಕಲು ಶುರುಮಾಡಬಹುದು. ಕೋಲಾರದವರಿಗೆ ಟಾಟಾ ಪ್ಲೇ ಹೆಚ್ಚು ಕಡಿಮೆ ಬಂಗಾರಪೇಟೆಯ ದಿಕ್ಕು, ಡಿಟುಎಚ್ ಕೆಜಿಎಫ್ ದಿಕ್ಕು. ಮೊಬೈಲಿನ ದಿಕ್ಸೂಚಿಯೂ ಸಾಕು. ನಮ್ಮ ಸೀಮೆಯಲ್ಲಿ ಕಾಂತದ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ ಎರಡು ಡಿಗ್ರಿಯೊಳಗೆ. ಆದರೆ ಡಿಶ್ ಕಂಬದ ಪಕ್ಕ ನಿಂತು, ನೀರಿನ ಟ್ಯಾಂಕಿನ ಕಬ್ಬಿಣದ ಸ್ಟ್ಯಾಂಡಿಗೆ ಒರಗಿ ದಿಕ್ಸೂಚಿ ನೋಡಬೇಡಿ. ಕಬ್ಬಿಣ ಅದನ್ನು ಇಪ್ಪತ್ತು ಡಿಗ್ರಿ ದಾರಿ ತಪ್ಪಿಸಬಲ್ಲದು. ಐದಾರು ಅಡಿ ಹಿಂದೆ ಸರಿದು, ದಿಕ್ಕು ಗುರುತಿಸಿ, ಆ ಕಡೆ ದೂರದ ಒಂದು ಮರವನ್ನೋ ಗೋಪುರವನ್ನೋ ಕಣ್ಣಲ್ಲಿ ಹಿಡಿದುಕೊಂಡು ಕಂಬದ ಬಳಿಗೆ ಬನ್ನಿ.

ಎತ್ತರದ ಕೋನದ ಅಂಕಿಗಳನ್ನು ನೋಡಿದಿರಾ? 73 ಎಂದರೆ ಬಹುತೇಕ ನೆತ್ತಿಯ ಮೇಲೆ. ಇದರಿಂದ ನಮಗೆ ಎರಡು ಪರಿಣಾಮಗಳಿವೆ, ಒಂದು ಲಾಭ, ಒಂದು ಅಪಾಯ.

ಲಾಭವೆಂದರೆ ಬೆಟ್ಟ ಗುಡ್ಡಗಳು ಅಡ್ಡ ಬರುವುದಿಲ್ಲ. ನಂದಿ ಬೆಟ್ಟದ ಬುಡದ ಊರುಗಳಲ್ಲಿ "ಬೆಟ್ಟ ತಡೆಯುತ್ತದೆ, ಅದಕ್ಕೇ ಎಚ್‌ಡಿ ಬರುವುದಿಲ್ಲ" ಎಂದು ಹೇಳಿ ಕೈತೊಳೆದುಕೊಂಡ ಕೆಲಸಗಾರರಿದ್ದಾರೆ. ಬೆಟ್ಟದ ತುದಿ ನೋಡಲು ನಾವು ತಲೆ ಎತ್ತುವುದು 30 ಡಿಗ್ರಿಯನ್ನು ದಾಟುವುದೇ ಅಪರೂಪ. ಉಪಗ್ರಹದ ನೋಟ ಅದರ ಎಷ್ಟೋ ಮೇಲೆ ಹಾದುಹೋಗುತ್ತದೆ. ಬಂಡೆಗೇ ಆತುಕೊಂಡು ಕಟ್ಟಿದ ಮನೆಯಾದರೆ ಮಾತು ಬೇರೆ. ಕೋಲಾರದ ಅಂತರಗಂಗೆ ಬೆಟ್ಟವಂತೂ ಪಟ್ಟಣದ ಪಶ್ಚಿಮಕ್ಕಿದೆ, ಆಗ್ನೇಯಕ್ಕೆ ನೋಡುವ ಡಿಶ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ನಮ್ಮ ಕಡೆ ನಿಜವಾಗಿ ಅಡ್ಡ ಬರುವುದು ತೆಂಗಿನ ಮರ. ಡಿಶ್ ಮಟ್ಟದಿಂದ 50 ಅಡಿ ಮೇಲೆ ಗರಿ ಬಿಚ್ಚಿದ ಮರ ಟಾಟಾ ಪ್ಲೇ ನೋಟಕ್ಕೆ ಅಡ್ಡ ಬರಬೇಕಾದರೆ ಆಗ್ನೇಯದಲ್ಲಿ 15 ಅಡಿಯೊಳಗೆ ಇರಬೇಕು. ಫ್ರೀ ಡಿಶ್‌ಗೆ 23 ಅಡಿ, ಏರ್‌ಟೆಲ್‌ಗೆ 40 ಅಡಿ. ಗರಿಗಳು ಹರಡಿಕೊಳ್ಳುವ ಅಗಲವನ್ನು ಇದಕ್ಕೆ ಸೇರಿಸಿಕೊಳ್ಳಿ. ತಿಪಟೂರು, ಗುಬ್ಬಿ ಕಡೆಯ ತೋಟದ ಮನೆಗಳಲ್ಲಿ ಐದು ವರ್ಷ ಚೆನ್ನಾಗಿ ಬಂದ ಎಚ್‌ಡಿ ಆರನೇ ವರ್ಷ ಗಾಳಿ ಬೀಸಿದಾಗಲೆಲ್ಲ ಹೋಗುತ್ತಿದ್ದರೆ, ಡಿಶ್ ಕೆಟ್ಟಿಲ್ಲ, ಮರ ಬೆಳೆದಿದೆ.

ಅಪಾಯವನ್ನು ಹೇಳುವ ಮುನ್ನ ತಟ್ಟೆಯ ಆಕಾರದ ಬಗ್ಗೆ ಎರಡು ಮಾತು. ಮನೆಯ ಡಿಶ್ ತನ್ನ ಮುಖ ನೋಡುವ ಕಡೆಗೆ ನೋಡುವುದಿಲ್ಲ. ಇದು ದೊಡ್ಡ ಬಟ್ಟಲೊಂದರ ಅಂಚಿನಿಂದ ಕತ್ತರಿಸಿ ತೆಗೆದ ತುಂಡು. ಮೇಲಿನಿಂದ ಬಂದ ಅಲೆಗಳನ್ನು ಕೆಳಗೆ ಚಾಚಿದ ತೋಳಿನ ತುದಿಯಲ್ಲಿರುವ, ಅಲೆ ಹಿಡಿದು ತಂತಿಗೆ ಕೊಡುವ ಎಲ್‌ಎನ್‌ಬಿ ಎಂಬ ಸಣ್ಣ ಡಬ್ಬಿಗೆ ಜಾರಿಸುವಂತೆ ಅದರ ಬಾಗು ಇರುತ್ತದೆ. ಅದರ ನೋಟ ಮುಖದ ನೇರಕ್ಕಿಂತ ಸುಮಾರು 24 ಡಿಗ್ರಿ ಮೇಲಕ್ಕೆ. ಆದ್ದರಿಂದ 73 ಡಿಗ್ರಿಯ ಉಪಗ್ರಹ ನೋಡಬೇಕಾದ ತಟ್ಟೆ ನೆಟ್ಟಗಿನ ಕಂಬಕ್ಕೆ ಹೋಲಿಸಿದರೆ 49 ಡಿಗ್ರಿಯಷ್ಟೇ ಹಿಂದಕ್ಕೆ ಮಲಗಿರುತ್ತದೆ. ಕಣ್ಣಳತೆಯಲ್ಲಿ 73ಕ್ಕೆ ಮಲಗಿಸಲು ಹೋದವರು ದಿನವಿಡೀ ಹುಡುಕಿದರೂ ಏನೂ ಸಿಗದು. ತಟ್ಟೆಯ ಹಿಂದಿನ ಕ್ಲಾಂಪಿನ ಮೇಲೆ ಅಚ್ಚೊತ್ತಿದ ಅಂಕಿಗಳು ಈ 24ನ್ನು ಲೆಕ್ಕಕ್ಕೆ ಹಿಡಿದೇ ಇರುತ್ತವೆ, ಅಲ್ಲಿ 73 ಎಂದೇ ಇಡಬೇಕು. ಆದರೆ ಆ ಅಂಕಿಗಳನ್ನು ನಂಬಬೇಕಾದರೆ ಕಂಬ ನೆಟ್ಟಗಿರಲೇಬೇಕು.

ಅಪಾಯ ಇರುವುದು ಇಲ್ಲಿಯೇ. ಉಪಗ್ರಹ ನೆತ್ತಿಗೆ ಹತ್ತಿರ ಇದ್ದಷ್ಟೂ ಕಂಬದ ಸುತ್ತ ಎಡಬಲಕ್ಕೆ ತಿರುಗಿಸುವುದರ ಪ್ರಭಾವ ಕಡಿಮೆ, ಮೇಲೆ ಕೆಳಗೆ ಬಾಗಿಸುವುದರ ಪ್ರಭಾವ ಪೂರ್ತಿ. 73 ಡಿಗ್ರಿಯಲ್ಲಿ ನೀವು ತಟ್ಟೆಯನ್ನು 3 ಡಿಗ್ರಿ ಪಕ್ಕಕ್ಕೆ ತಿರುಗಿಸಿದರೂ ಅದರ ನೋಟ ಆಕಾಶದಲ್ಲಿ ಸರಿಯುವುದು ಒಂದು ಡಿಗ್ರಿಯೊಳಗೆ. ಅದೇ ತಟ್ಟೆಯನ್ನು 3 ಡಿಗ್ರಿ ಮೇಲಕ್ಕೋ ಕೆಳಕ್ಕೋ ಬಾಗಿಸಿದರೆ ನೋಟ ಪೂರ್ತಿ 3 ಡಿಗ್ರಿ ಸರಿಯುತ್ತದೆ. ದೆಹಲಿ, ಪಂಜಾಬಿನ ಕಡೆ ಉಪಗ್ರಹ ಇಷ್ಟು ಎತ್ತರದಲ್ಲಿ ಇರುವುದಿಲ್ಲ, ಅಲ್ಲಿಯವರು ಮಾಡಿದ ವಿಡಿಯೋ ನೋಡಿಕೊಂಡು ನಮ್ಮ ಹುಡುಗರು ಎಡಬಲಕ್ಕೇ ತಿರುಗಿಸುತ್ತ ಕೂರುತ್ತಾರೆ. ನಮ್ಮಲ್ಲಿ ಎಚ್‌ಡಿ ಕೆಡುವುದು ಹೆಚ್ಚಾಗಿ ಮೇಲೆ ಕೆಳಗಿನ ತಪ್ಪಿನಿಂದ, ಅದರಲ್ಲೂ ಕಂಬ ವಾಲಿರುವುದರಿಂದ.

ಎಷ್ಟು ತಪ್ಪು ತಡೆಯುತ್ತದೆ? ಎರಡು ಅಡಿ, ಅಂದರೆ 60 ಸೆಂಟಿಮೀಟರಿನ ತಟ್ಟೆಯ ನೋಟದ ಅಗಲ ಸುಮಾರು 3 ಡಿಗ್ರಿ. ನಡುವಿನಿಂದ ಒಂದೂವರೆ ಡಿಗ್ರಿ ಸರಿದರೆ ಸಿಗ್ನಲ್ ಅರ್ಧಕ್ಕಿಳಿಯುತ್ತದೆ. ಈ ಒಂದೂವರೆ ಡಿಗ್ರಿಯನ್ನು ತಟ್ಟೆಯ ಅಂಚಿನಲ್ಲಿ ಅಳೆದರೆ 8 ಮಿಲಿಮೀಟರ್, ಮಕ್ಕಳು ಬರೆಯುವ ಪೆನ್ಸಿಲ್ಲಿನ ದಪ್ಪ. ಅರ್ಧ ಸಿಗ್ನಲ್ಲಿನಲ್ಲೂ ಬಿಸಿಲಿರುವಾಗ ಎಸ್‌ಡಿ ಬರುತ್ತದೆ, ಬಹಳ ಸಲ ಎಚ್‌ಡಿಯೂ ಬರುತ್ತದೆ. ಕೂರಿಸಿದವನು ಹಣ ತೆಗೆದುಕೊಂಡು ಹೋಗುತ್ತಾನೆ. ಮೋಡ ಕಟ್ಟಿ ನಾಲ್ಕು ದಪ್ಪ ಹನಿ ಬಿದ್ದಾಗ ಗೊತ್ತಾಗುತ್ತದೆ.

ಗುಬ್ಬಿ ತಾಲ್ಲೂಕಿನ ಒಂದು ಮನೆಯ ವಿಷಯ ಹೇಳಬೇಕು. ಅವರ ಮನೆಯಲ್ಲಿ ಭಾನುವಾರ ಮಾತ್ರ ಎಚ್‌ಡಿ ಬರುತ್ತಿರಲಿಲ್ಲ. ನಾನು ಎರಡು ಸಲ ವಾರದ ದಿನ ಹೋಗಿ ನೋಡಿದೆ, ಎಲ್ಲ ಸರಿಯಿತ್ತು. ಎಲ್‌ಎನ್‌ಬಿ ಬದಲಿಸಿದೆ, ತಂತಿ ಬದಲಿಸಿದೆ. ಮುಂದಿನ ಭಾನುವಾರ ಮತ್ತೆ ಫೋನ್. ಬೆಳಗ್ಗೆಯೇ ಹೊರಟು ಹೋಗಿ ತಾರಸಿ ಹತ್ತಿದೆ. ಒಗೆದ ಹೊದಿಕೆಗಳು, ಎರಡು ಸೀರೆ, ಮಕ್ಕಳ ಶಾಲೆಯ ಸಮವಸ್ತ್ರ, ಎಲ್ಲವೂ ನೀರು ತೊಟ್ಟಿಕ್ಕುತ್ತ ಹಗ್ಗದ ಮೇಲಿದ್ದವು. ಹಗ್ಗದ ಒಂದು ತುದಿ ಟ್ಯಾಂಕಿನ ಸ್ಟ್ಯಾಂಡಿಗೆ, ಇನ್ನೊಂದು ಡಿಶ್ ಕಂಬದ ಕುತ್ತಿಗೆಗೆ. ಮೂರು ಅಡಿಯ ಕಂಬದ ತುದಿ ಒಂದೂವರೆ ಸೆಂಟಿಮೀಟರ್ ಎಳೆಸಿಕೊಂಡರೆ ಒಂದು ಡಿಗ್ರಿ ವಾಲಿದಂತೆ. ಮೊದಲೇ ಅಂಚಿನಲ್ಲಿ ನಿಂತಿದ್ದ ಡಿಶ್‌ಗೆ ಅಷ್ಟು ಸಾಕಾಗಿತ್ತು. ಸಂಜೆ ಬಟ್ಟೆ ಒಣಗಿ ಹಗುರವಾದಾಗ ಚಿತ್ರ ತಾನಾಗಿಯೇ ಮರಳುತ್ತಿತ್ತು. ಹಗ್ಗ ಬಿಚ್ಚಿ ಪ್ಯಾರಾಪೆಟ್ಟಿನ ಕೊಂಡಿಗೆ ಕಟ್ಟಿಸಿದೆ. ಆ ಮನೆಯ ಅಜ್ಜಿ ಆಮೇಲೆ ಯಾರನ್ನೂ ಕಂಬ ಮುಟ್ಟಲು ಬಿಟ್ಟಿಲ್ಲವಂತೆ.

ಆದ್ದರಿಂದ ಡಿಶ್ ಕೂರಿಸುವ ಕೆಲಸ ಗಾರೆಯವರ ರಸಮಟ್ಟದಿಂದ ಶುರುವಾಗಬೇಕು. ಕಂಬದ ಎರಡು ಪಕ್ಕಗಳಲ್ಲಿ ಇಟ್ಟು ನೋಡಿ. ರಸಮಟ್ಟ ಇಲ್ಲದಿದ್ದರೆ ದಾರಕ್ಕೆ ಒಂದು ಬೋಲ್ಟು ಕಟ್ಟಿ ಇಳಿಬಿಟ್ಟರೂ ಆಯಿತು. ಬುಡದ ನಾಲ್ಕು ಬೋಲ್ಟುಗಳು ಕಾಂಕ್ರೀಟಿನಲ್ಲಿ ಅಲುಗದಂತಿರಬೇಕು, ಸುಣ್ಣದ ಗಚ್ಚಿನ ಹಳೆಯ ತಾರಸಿಯಾದರೆ ಗೋಡೆಗೆ ಕಟ್ಟುವುದೇ ಮೇಲು.

ಈಗ ಹುಡುಕುವ ಕೆಲಸ. ಟಿವಿಯ ಮುಂದೆ ಒಬ್ಬರು, ತಾರಸಿಯಲ್ಲಿ ಒಬ್ಬರು, ನಡುವೆ ಮೊಬೈಲ್. ಬಾಕ್ಸಿನ ಸಿಗ್ನಲ್ ಪುಟದಲ್ಲಿ ಎರಡು ಪಟ್ಟಿಗಳಿರುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಕೆಳಗಿನವರು ಉತ್ಸಾಹದಿಂದ "ತೊಂಬತ್ತು ಬಂತು" ಎಂದು ಕೂಗುವುದು ಸಾಮಾನ್ಯವಾಗಿ ಸ್ಟ್ರೆಂತ್ ನೋಡಿಕೊಂಡು. ಆ ಪಟ್ಟಿ ಹೇಳುವುದು ತಂತಿಯಲ್ಲಿ ಎಷ್ಟು ಗದ್ದಲ ಬರುತ್ತಿದೆ ಎಂಬುದನ್ನಷ್ಟೇ. ಎಲ್‌ಎನ್‌ಬಿಯ ಸ್ವಂತ ಗದ್ದಲ, ಪಕ್ಕದ ಉಪಗ್ರಹದ ಮಾತು, ಎಲ್ಲ ಅದರಲ್ಲಿ ಸೇರುತ್ತವೆ. ಸಂತೆಯಲ್ಲಿ ಎಷ್ಟು ಸದ್ದಿದೆ ಎನ್ನುವುದು ಸ್ಟ್ರೆಂತ್, ನಿಮ್ಮ ಹೆಂಡತಿ ಕರೆದದ್ದು ಸ್ಪಷ್ಟವಾಗಿ ಕೇಳಿತೇ ಎನ್ನುವುದು ಕ್ವಾಲಿಟಿ. ಕೆಳಗೆ ಕೂತವರು ಕ್ವಾಲಿಟಿಯ ಅಂಕಿಯನ್ನು ಮಾತ್ರ ಓದಬೇಕು. ಅಂಗಡಿಯಲ್ಲಿ ಸಿಗುವ ಕೀಂ ಎನ್ನುವ ಅಗ್ಗದ ಫೈಂಡರ್ ಕೂಡ ಸ್ಟ್ರೆಂತನ್ನೇ ತೋರಿಸುವುದು, ಯಾವ ಉಪಗ್ರಹಕ್ಕಾದರೂ ಅದು ಕೂಗುತ್ತದೆ. ಆಗ್ನೇಯದಲ್ಲಿ ಉಪಗ್ರಹಗಳು ದಟ್ಟವಾಗಿವೆ. ತುಮಕೂರಿನಲ್ಲಿ ಫ್ರೀ ಡಿಶ್‌ನ 93.5ರಿಂದ ಡಿಶ್ ಟಿವಿಯ 95ಕ್ಕೆ ಇರುವ ಅಂತರ ಒಂದೂವರೆ ಇಂಚಿನ ಪೈಪಿನ ಮೇಲೆ ಒಂದು ಮಿಲಿಮೀಟರೂ ಇಲ್ಲ.

ಅದೇ ಪೈಪಿನ ಲೆಕ್ಕವನ್ನು ಪೂರ್ತಿ ಹೇಳುತ್ತೇನೆ, ನನಗೆ ಇದು ಬಹಳ ಉಪಯೋಗಕ್ಕೆ ಬಂದಿದೆ. ಒಂದೂವರೆ ಇಂಚಿನ ಪೈಪಿನ ಸುತ್ತಳತೆ ಸುಮಾರು 120 ಮಿಲಿಮೀಟರ್. 360 ಡಿಗ್ರಿಗೆ 120 ಎಂದರೆ, ಪೈಪಿನ ಮೇಲೆ ಕ್ಲಾಂಪು ಒಂದು ಮಿಲಿಮೀಟರ್ ಸರಿದರೆ ದಿಕ್ಕು 3 ಡಿಗ್ರಿ ತಿರುಗಿತು. ಹುಡುಕುವಾಗ ಕ್ಲಾಂಪಿನ ನಟ್ಟುಗಳನ್ನು ತಟ್ಟೆ ಬಿಗಿಯಾಗಿ ತಿರುಗುವಷ್ಟು ಮಾತ್ರ ಸಡಿಲಿಸಿ. ಒಂದು ಮಿಲಿಮೀಟರಿಗಿಂತ ಕಡಿಮೆ ಸರಿಸಿ, ಮನಸ್ಸಿನಲ್ಲಿ ಮೂರು ಎಣಿಸಿ, ಮತ್ತೆ ಸರಿಸಿ. ಬಾಕ್ಸ್ ಅಲೆಯನ್ನು ಗುರುತು ಹಿಡಿಯಲು ಎರಡು ಮೂರು ಸೆಕೆಂಡು ತೆಗೆದುಕೊಳ್ಳುತ್ತದೆ, ಸರಸರನೆ ತಿರುಗಿಸಿದರೆ ಸರಿಯಾದ ಜಾಗವನ್ನು ದಾಟಿ ಹೋಗಿದ್ದೂ ತಿಳಿಯುವುದಿಲ್ಲ. ಒಂದು ಸುತ್ತಿನಲ್ಲಿ ಸಿಗದಿದ್ದರೆ ಎತ್ತರದ ಕೋನವನ್ನು ಒಂದು ಡಿಗ್ರಿ ಬದಲಿಸಿ ಮತ್ತೊಂದು ಸುತ್ತು.

ಕ್ವಾಲಿಟಿ ಬಂದ ಕೂಡಲೇ ನಿಲ್ಲಿಸಿ ನಟ್ಟು ಬಿಗಿಯುವುದೇ ಎಚ್‌ಡಿಗೆ ಮಾಡುವ ಅನ್ಯಾಯ. ಅದು ಅಂಚಷ್ಟೇ, ನಡುವಲ್ಲ. ಅತಿ ಹೆಚ್ಚಿನ ಅಂಕಿ ಹುಡುಕಿದರೂ ಸಾಲದು, ಏಕೆಂದರೆ ನಡುವಿನ ಭಾಗ ಚಪ್ಪಟೆಯಾಗಿರುತ್ತದೆ, ಅಲ್ಲಿ ಸ್ವಲ್ಪ ಅತ್ತಿತ್ತ ಆದರೂ ಅಂಕಿ ಬದಲಾಗದು. ನಾನು ಮಾಡುವುದು ಹೀಗೆ: ಎಡಕ್ಕೆ ಮೆಲ್ಲಗೆ ತಿರುಗಿಸುತ್ತ ಕ್ವಾಲಿಟಿ, ಉದಾಹರಣೆಗೆ 80ರಿಂದ 50ಕ್ಕೆ ಇಳಿದ ಜಾಗದಲ್ಲಿ ಪೈಪಿನ ಮೇಲೆ ಪೆನ್ಸಿಲ್ಲಿನಿಂದ ಒಂದು ಗೀಟು. ಬಲಕ್ಕೆ ತಿರುಗಿಸುತ್ತ ಮತ್ತೆ 50ಕ್ಕೆ ಇಳಿದಲ್ಲಿ ಇನ್ನೊಂದು ಗೀಟು. ಎರಡರ ನಟ್ಟನಡುವೆ ಕ್ಲಾಂಪನ್ನು ತಂದು ನಿಲ್ಲಿಸುವುದು. ಎತ್ತರದ ಕೋನಕ್ಕೂ ಇದೇ ಕ್ರಮ, ಇನ್ನೂ ಹೆಚ್ಚಿನ ತಾಳ್ಮೆಯಿಂದ. ಆಮೇಲೆ ಮತ್ತೊಮ್ಮೆ ಎಡಬಲ. ಬಿಗಿಯುವಾಗ ಒಂದು ನಟ್ಟನ್ನು ಪೂರ್ತಿ ತಿರುಗಿಸಿ ಇನ್ನೊಂದಕ್ಕೆ ಹೋಗಬೇಡಿ, ತಟ್ಟೆ ಸ್ಪ್ಯಾನರಿನ ಜೊತೆಯಲ್ಲೇ ತಿರುಗಿಬಿಡುತ್ತದೆ. ಇದಕ್ಕೆ ಕಾಲು ಸುತ್ತು, ಅದಕ್ಕೆ ಕಾಲು ಸುತ್ತು, ಪ್ರತಿ ಸಲ ಕೆಳಗಿನವರಿಂದ ಅಂಕಿ ಕೇಳಿಕೊಳ್ಳಿ. ಕೊನೆಯಲ್ಲಿ ಎಚ್‌ಡಿ ಚಾನೆಲೊಂದನ್ನು ಹಾಕಿ, ಅದರ ಕ್ವಾಲಿಟಿಯನ್ನೇ ನೋಡಿ.

ಎಲ್‌ಎನ್‌ಬಿಯನ್ನು ತೋಳಿನಲ್ಲಿ ಕೊಂಚ ತಿರುಚುವುದೂ ಒಂದಿದೆ. ಅಲೆಗಳು ಅಡ್ಡ ಮತ್ತು ಉದ್ದ ಎಂದು ಎರಡು ಬಗೆಯಲ್ಲಿ ಬರುತ್ತವೆ, ನಾವು ಉಪಗ್ರಹದ ನೇರ ಉತ್ತರಕ್ಕಿಲ್ಲದ ಕಾರಣ ಅವು ನಮಗೆ ವಾಲಿದಂತೆ ಸಿಗುತ್ತವೆ. ಡಿಶ್ ಹಿಂದೆ ನಿಂತು ಆಗ್ನೇಯಕ್ಕೆ ನೋಡುತ್ತಿದ್ದರೆ ಎಲ್‌ಎನ್‌ಬಿಯನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಚಬೇಕು. ಟಾಟಾ ಪ್ಲೇಗೆ ಕಡಿಮೆ, ಫ್ರೀ ಡಿಶ್‌ಗೆ ಹೆಚ್ಚು. ಎಷ್ಟೆಂದು ಕ್ವಾಲಿಟಿಯೇ ಹೇಳುತ್ತದೆ.

ಅರ್ಧದಷ್ಟು ಚಾನೆಲ್‌ಗಳು ಗಟ್ಟಿಯಾಗಿ ಬಂದು ಉಳಿದರ್ಧ ಸುಳಿವೇ ಇಲ್ಲದಿದ್ದರೆ ಡಿಶ್ ಮುಟ್ಟಬೇಡಿ. ಅಡ್ಡ ಉದ್ದ ಬದಲಿಸಲು ಬಾಕ್ಸ್ ತಂತಿಯ ಮೂಲಕ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಕಳುಹಿಸುತ್ತದೆ. ತಂತಿ ಕಳಪೆಯಾಗಿ ತುಂಬ ಉದ್ದವಿದ್ದರೆ, ಜೋಡಣೆಯಲ್ಲಿ ನೀರಿಳಿದು ತುಕ್ಕು ಹಿಡಿದಿದ್ದರೆ, 18 ಕಳುಹಿಸಿದ್ದು 18 ಆಗಿ ತಲುಪುವುದಿಲ್ಲ. ಆರ್‌ಜಿ-6 ತಂತಿ ಹಾಕಿ, ನಡುವೆ ಗಂಟು ಹಾಕದೆ ಒಂದೇ ತುಂಡು ಎಳೆಯಿರಿ. ಎಲ್‌ಎನ್‌ಬಿಯ ಬಳಿ ತಂತಿಯನ್ನು ಒಂದು ಸುತ್ತು ಕೆಳಕ್ಕೆ ಇಳಿಬಿಟ್ಟು ಜೋಡಿಸಿದರೆ ಮಳೆನೀರು ಜೋಡಣೆಗೆ ಹರಿಯದೆ ಕೆಳಗೆ ತೊಟ್ಟಿಕ್ಕುತ್ತದೆ.

ಮಳೆಯ ಬಗ್ಗೆ ಸುಳ್ಳು ಭರವಸೆ ಕೊಡಲಾರೆ. ಈ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರ್. ದಪ್ಪ ಹನಿಗಳ ಜಡಿಮಳೆ ಅವನ್ನು ಹೀರುತ್ತದೆ, ಚದುರಿಸುತ್ತದೆ. ಮೇ ತಿಂಗಳ ಗುಡುಗು ಮಳೆಯಲ್ಲೂ ಸೆಪ್ಟೆಂಬರ್ ಅಕ್ಟೋಬರಿನ ಹುಯ್ಯುವ ಮಳೆಯಲ್ಲೂ ಹತ್ತು ನಿಮಿಷ ಚಿತ್ರ ಹೋದರೆ ಅದು ಯಾರ ತಪ್ಪೂ ಅಲ್ಲ. ಸೋನೆಗೇ ಹೋದರೆ ಮಾತ್ರ ಕೋನದ ತಪ್ಪು. ಮೂರು ಅಡಿಯ ತಟ್ಟೆ ಹಾಕಿದರೆ ಎರಡೂಕಾಲು ಪಟ್ಟು ಸಿಗ್ನಲ್ ಸಿಗುವುದು ನಿಜ, ಆದರೆ ಅದರ ನೋಟ ಇನ್ನೂ ಕಿರಿದು, ಎರಡೇ ಡಿಗ್ರಿ. ಚಿಕ್ಕದನ್ನು ಸರಿಯಾಗಿ ಕೂರಿಸದವರಿಗೆ ದೊಡ್ಡದು ಇನ್ನೂ ಕಷ್ಟ.

ವರ್ಷಕ್ಕೆ ಎರಡು ಸಲ, ಮಾರ್ಚ್ ಮಧ್ಯದಲ್ಲೂ ಸೆಪ್ಟೆಂಬರ್ ಕೊನೆಯಲ್ಲೂ, ಮಳೆಯೂ ಇಲ್ಲದೆ ಬಿರುಬಿಸಿಲಲ್ಲೇ ಕೆಲವು ನಿಮಿಷ ಚಿತ್ರ ಹೋಗುತ್ತದೆ. ಆಗ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದಿರುತ್ತಾನೆ, ಅವನ ಗದ್ದಲದಲ್ಲಿ ಉಪಗ್ರಹದ ದನಿ ಮುಳುಗುತ್ತದೆ. ಟಾಟಾ ಪ್ಲೇ ಮನೆಗಳಲ್ಲಿ ಮಧ್ಯಾಹ್ನ 12ರ ಆಸುಪಾಸು, ಫ್ರೀ ಡಿಶ್‌ನಲ್ಲಿ ಬೆಳಗ್ಗೆ 11ರ ಆಸುಪಾಸು. ಗಾಬರಿಯಾಗಿ ಫೋನ್ ಮಾಡುವವರಿಗೆ ನಾನು ತಾರಸಿಗೆ ಹೋಗಿ ನೋಡಿ ಎನ್ನುತ್ತೇನೆ. ಆ ಹೊತ್ತಿಗೆ ತಟ್ಟೆಯ ಮೇಲೆ ಮರದ್ದೋ ಪಕ್ಕದ ಮಹಡಿಯದ್ದೋ ನೆರಳು ಬಿದ್ದಿದ್ದರೆ ನಿಮ್ಮ ಉಪಗ್ರಹದ ದಾರಿಗೆ ಅದೇ ಅಡ್ಡ. ಬಿಸಿಲು ತಟ್ಟೆಯನ್ನು ತುಂಬಿಕೊಂಡಿದ್ದು ಅದರ ಹೊಳಪು ಎಲ್‌ಎನ್‌ಬಿಯ ಮೂತಿಗೆ ಬಂದು ಕೂಡಿದ್ದರೆ ಡಿಶ್ ಸರಿಯಾಗಿ ನಿಂತಿದೆ. ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ನಾನು ಕಂಡಿಲ್ಲ, ಕಾಸೂ ಖರ್ಚಿಲ್ಲ.

ಕೆಲಸ ಮುಗಿದ ಮೇಲೆ ನಾನು ಒಂದು ಸಣ್ಣ ಕುಂಚದಲ್ಲಿ ಕೆಂಪು ಬಣ್ಣ ತೆಗೆದುಕೊಂಡು ಕ್ಲಾಂಪಿನಿಂದ ಪೈಪಿನ ಮೇಲೆ ಹಾಯುವಂತೆ ಒಂದು ಗೆರೆ, ಎತ್ತರದ ಅಂಕಿಗಳ ಪಕ್ಕ ಇನ್ನೊಂದು ಗೆರೆ ಎಳೆಯುತ್ತೇನೆ. ದೇವರಾಯನದುರ್ಗದ ಸುತ್ತಿನ ಊರುಗಳಲ್ಲಿ ಕೋತಿಗಳು ಎಲ್‌ಎನ್‌ಬಿಯ ತೋಳನ್ನು ಹಿಡಿದು ಜೋತಾಡುವುದು ದಿನನಿತ್ಯದ ಸಂಗತಿ. ಅಲ್ಲಿನ ಒಂದು ಮನೆಯಿಂದ ಕಳೆದ ಮಳೆಗಾಲದಲ್ಲಿ ಫೋನ್ ಬಂತು, ಎಚ್‌ಡಿ ಪೂರ್ತಿ ನಿಂತಿದೆ ಎಂದು. ಗೆರೆಗಳನ್ನು ನೋಡಮ್ಮ ಎಂದೆ. ಪೈಪಿನ ಮೇಲಿನ ಗೆರೆ ಎರಡು ತುಂಡಾಗಿ, ನಡುವೆ ಒಂದು ಅಕ್ಕಿಕಾಳಿನಷ್ಟು ಜಾಗ ಬಿಟ್ಟಿದೆ ಎಂದರು. ಎರಡು ತುಂಡೂ ಕೂಡುವವರೆಗೆ ತಟ್ಟೆಯನ್ನು ಮೆಲ್ಲಗೆ ನೂಕಿ ನಟ್ಟು ಬಿಗಿಯಿರಿ ಎಂದೆ. ಹತ್ತು ನಿಮಿಷದ ನಂತರ ಅವರು ಮತ್ತೆ ಫೋನ್ ಮಾಡಿದಾಗ ಹಿಂದಿನಿಂದ ಟಿವಿಯ ಸದ್ದು ಕೇಳಿಸುತ್ತಿತ್ತು.